ಎರಡನೇ ಡ್ರೈಸೂಟನ್ನು ಒಳಗಿನ ಬಟ್ಟೆಯಿಂದ ಆರಿಸಿದೆ

ನನ್ನ ಮೊದಲ ಡ್ರೈಸೂಟನ್ನು, ಅಂದರೆ ನೀರು ಒಳಗೆ ಬರದ ಡೈವಿಂಗ್ ಉಡುಪನ್ನು, ಟೀ ಶರ್ಟ್ ಮೇಲೆ ಹಾಕಿ ನೋಡಿ ಕೊಂಡುಬಿಟ್ಟೆ. ಕನ್ನಡಿ ಮುಂದೆ ನಿಂತರೆ ಅಳತೆ ಕೊಟ್ಟು ಹೊಲಿಸಿದ ಹಾಗೇ ಇತ್ತು. ಸೆಕೆಂಡ್ ಹ್ಯಾಂಡ್ ಆದರೂ ಜಿಪ್ ಗಟ್ಟಿಯಾಗಿತ್ತು, ಬಟ್ಟೆ ಎಲ್ಲೂ ಹರಿದಿರಲಿಲ್ಲ. ಇನ್ನೇನು ಬೇಕು ಅಂದುಕೊಂಡೆ.

ತಣ್ಣೀರಿಗೆ ಇಳಿಯುವ ದಿನ ಬಂತು. ಒಳಗೆ ದಪ್ಪ ಅಂಡರ್‌ಸೂಟ್ ಹಾಕಿದೆ, ಮೇಲೆ ಡ್ರೈಸೂಟ್ ಏರಿಸಿದೆ. ಹೇಗೋ ಜಿಪ್ಪೂ ಮುಚ್ಚಿತು. ಆದರೆ ಸಿಲಿಂಡರ್ ವಾಲ್ವ್ ಮುಟ್ಟೋಣ ಅಂತ ಕೈಯನ್ನು ತಲೆಯ ಹಿಂದಕ್ಕೆ ಒಯ್ದರೆ ಅರ್ಧದಲ್ಲೇ ಸಿಕ್ಕಿಕೊಂಡಿತು. ಮಂಡಿ ಮಡಿಸಿದರೆ ಕುತ್ತಿಗೆಯ ಸೀಲ್, ಅಂದರೆ ನೀರು ತಡೆಯುವ ಬಿಗಿ ಪಟ್ಟಿ, ಕೆಳಕ್ಕೆ ಜಗ್ಗುತ್ತಿತ್ತು. ಕಾಲಿಗೆ ನನ್ನ ಫಿನ್ (ಈಜುರೆಕ್ಕೆ) ಹಾಕೋದಕ್ಕೂ ಜೊತೆಗಾರನೇ ಬರಬೇಕಾಯಿತು. ಅಷ್ಟೆಲ್ಲ ಆಗಿ, ಇಪ್ಪತ್ತು ನಿಮಿಷಕ್ಕೆ ನಡುಗುತ್ತಾ ಮೇಲೆ ಬಂದೆ. ಸೂಟ್ ಒಳಗೆ ಒಂದು ಹನಿ ನೀರೂ ಬಂದಿರಲಿಲ್ಲ.

ಒಣಗಿದ್ದೂ ಚಳಿಯಾಯಿತು. ಇದು ಯಾಕೆ ಅಂತ ಗೊತ್ತಾಗೋಕೆ ನನಗೆ ಸ್ವಲ್ಪ ದಿನ ಹಿಡಿಯಿತು.

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಒಳಗೆ ನೀರು ಬಿಡುವ ವೆಟ್‌ಸೂಟ್‌ನಲ್ಲಿ ನಮ್ಮನ್ನು ಕಾಯುವುದು ನಿಯೋಪ್ರೀನ್ ಅನ್ನೋ ರಬ್ಬರ್ ಒಳಗಿನ ಸಣ್ಣ ಸಣ್ಣ ಗುಳ್ಳೆಗಳು. ಆಳಕ್ಕೆ ಹೋದಂತೆ ಅವು ಚಪ್ಪಟೆಯಾಗುತ್ತವೆ. 10 ಮೀಟರ್‌ನಲ್ಲಿ ಒತ್ತಡ ಮೇಲಿನ ಎರಡರಷ್ಟು, ಅಂದರೆ ಗುಳ್ಳೆ ಅರ್ಧಕ್ಕೆ ಇಳಿಯುತ್ತದೆ. ಎಲ್ಲಿ ಚಳಿ ಜಾಸ್ತಿಯೋ ಅಲ್ಲೇ ಸೂಟ್ ತೆಳ್ಳಗಾಗುತ್ತದೆ! ಡ್ರೈಸೂಟ್‌ನಲ್ಲಿ ಹಾಗಲ್ಲ. ಒಳಗಿನ ಬಟ್ಟೆ ಹಿಡಿದಿಟ್ಟ ಗಾಳಿಯೇ ನಮ್ಮ ಕಂಬಳಿ. ಇಳಿಯುತ್ತಾ ಆ ಗಾಳಿ ಕುಗ್ಗಿದರೆ ಎದೆಯ ಮೇಲಿನ ವಾಲ್ವ್ ಒತ್ತಿ ಮತ್ತೆ ತುಂಬಿಕೊಳ್ಳಬಹುದು.

ನನ್ನ ಬಿಗಿ ಸೂಟ್ ಮಾಡಿದ್ದು ಇಷ್ಟೇ. ಅಂಡರ್‌ಸೂಟನ್ನು ಮೈಗೆ ಅಮುಕಿ, ಅದರಲ್ಲಿದ್ದ ಗಾಳಿಯನ್ನೆಲ್ಲ ಹಿಂಡಿಬಿಟ್ಟಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇಲ್ಲಿ ಅದು ಉಲ್ಟಾ. ಕಾಲು ಎಷ್ಟು ಚಾಚುತ್ತದೆ ಅಂತ ನೋಡಿಕೊಂಡು ಆಮೇಲೆ ಹಾಸಿಗೆ ಹೊಲಿಸಬೇಕು.

ಹಾಗಾಗಿ ಎರಡನೇ ಸಲ ಸೂಟ್ ನೋಡೋಕೆ ಹೋಗುವ ಮುಂಚೆ ಅಂಡರ್‌ಸೂಟ್ ಕೊಂಡೆ. ನಾನು ಇಳಿಯುವ ನೀರು ಮೇಲ್ಗಡೆ ಎಷ್ಟೇ ಬೆಚ್ಚಗಿದ್ದರೂ ಆಳದಲ್ಲಿ 5, 6 ಡಿಗ್ರಿ. ಸಿಹಿನೀರು 4 ಡಿಗ್ರಿಯಲ್ಲಿ ಅತಿ ಭಾರ, ಅದಕ್ಕೇ ಚಳಿ ದೇಶಗಳ ಆಳವಾದ ಕೆರೆ, ಕ್ವಾರಿಗಳ ತಳದಲ್ಲಿ ಆ ತಣ್ಣನೆ ನೀರು ವರ್ಷವಿಡೀ ಕೂತಿರುತ್ತದೆ. ಮೈಗೆ ಅಂಟುವ ಪದರಕ್ಕೆ ತೆಳು ಮೆರಿನೋ ಉಣ್ಣೆ, ಅದರ ಮೇಲೆ ಥಿನ್ಸುಲೇಟ್ ಅನ್ನೋ ಕೃತಕ ನಾರು ತುಂಬಿದ ಒಂದು ಜೋಡಿ. ಹತ್ತಿ ಬೇಡವೇ ಬೇಡ. ಬೆವರು ಕುಡಿದು ಒದ್ದೆಯಾಗಿ ಮೈಗೆ ಅಂಟಿಕೊಳ್ಳುತ್ತದೆ, ಅಲ್ಲಿಗೆ ಡ್ರೈಸೂಟ್ ಹಾಕಿದ್ದೂ ದಂಡ. ಥಿನ್ಸುಲೇಟ್ ತೆಗೆದುಕೊಂಡಿದ್ದು, ಅಕಸ್ಮಾತ್ ನೀರು ನುಗ್ಗಿದರೂ ಅದು ಸ್ವಲ್ಪ ಮಟ್ಟಿಗೆ ಬೆಚ್ಚಗಿಡುತ್ತದೆ ಅಂತ.

ಆ ಬಟ್ಟೆಯನ್ನು ಬ್ಯಾಗಿಗೆ ಹಾಕಿಕೊಂಡೇ ಸೂಟ್ ನೋಡಲು ಹೋಗುತ್ತಿದ್ದೆ. ಪ್ರತಿ ಸೂಟನ್ನೂ ಅದರ ಮೇಲೆಯೇ ಹಾಕಿ ಜಿಪ್ ಮುಚ್ಚಿಸುತ್ತಿದ್ದೆ. ಮೊದಲು ಕುಕ್ಕರುಗಾಲಲ್ಲಿ ಕೂತು, ಕತ್ತಿನ ಸೀಲ್ ಎಳೆದು ಒಳಗಿನ ಗಾಳಿ ಹೊರಹಾಕುವುದು. ಆಮೇಲೆ ಎರಡೂ ಕೈ ತಲೆ ಮೇಲೆ ಎತ್ತಿ, ಹಿಂದೆ ಸಿಲಿಂಡರ್ ವಾಲ್ವ್ ಇರುವ ಜಾಗ ಮುಟ್ಟಿ ನೋಡುವುದು. ತೋಳುಗಳಿಂದ ನನ್ನನ್ನೇ ತಬ್ಬಿಕೊಳ್ಳುವುದು. ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲಿಗೆ ಫಿನ್ ಪಟ್ಟಿ ಎಳೆಯುವಂತೆ ಬಾಗುವುದು. ಅಂಗಡಿಯಲ್ಲಿ ನೋಡಿದವರಿಗೆ ನಗು. ನಗಲಿ ಬಿಡಿ.

ಇನ್ನು ಬಟ್ಟೆಯ ವಿಷಯ. ನಿಯೋಪ್ರೀನ್ ಡ್ರೈಸೂಟ್ ಮೈಗೆ ಹತ್ತಿರವಾಗಿ ಕೂರುತ್ತದೆ, ತಾನೇ ಸ್ವಲ್ಪ ಬೆಚ್ಚಗಿಡುತ್ತದೆ, ಈಜೋಕೆ ಹಗುರ ಅನ್ನಿಸುತ್ತದೆ. ಆದರೆ ಸಾಧಾರಣ ನಿಯೋಪ್ರೀನ್ ಆದರೆ ವೆಟ್‌ಸೂಟ್‌ನ ಹಾಗೇ ಆಳದಲ್ಲಿ ತೆಳುವಾಗುತ್ತದೆ, ತೇಲುವಿಕೆಯೂ ಬದಲಾಗುತ್ತದೆ. ಮೊದಲೇ ಒತ್ತಿ ಗಟ್ಟಿ ಮಾಡಿದ ಕ್ರಷ್ಡ್ ನಿಯೋಪ್ರೀನ್‌ನಲ್ಲಿ ಈ ತೊಂದರೆ ಕಡಿಮೆ, ಬಾಳಿಕೆಯೂ ಜಾಸ್ತಿ, ಆದರೆ ಭಾರ. ಟ್ರೈಲ್ಯಾಮಿನೇಟ್ ಅಂದರೆ ಎರಡು ಬಟ್ಟೆಗಳ ನಡುವೆ ಬ್ಯೂಟೈಲ್ ರಬ್ಬರ್ ಹಾಳೆ ಇಟ್ಟು ಮಾಡಿದ್ದು. ರೇನ್‌ಕೋಟ್ ಇದ್ದ ಹಾಗೆ. ತನ್ನದಾಗಿ ಒಂಚೂರೂ ಬಿಸಿ ಕೊಡಲ್ಲ, ಆದರೆ ಹಗುರ, ಬೇಗ ಒಣಗುತ್ತದೆ, ಒಳಗಿನ ಬಟ್ಟೆ ಬದಲಾಯಿಸಿದರೆ ಬೇರೆ ಬೇರೆ ನೀರಿಗೆ ಅದೇ ಸೂಟ್ ನಡೆಯುತ್ತದೆ. ಅಂಡರ್‌ಸೂಟ್ ಮೊದಲೇ ಕೊಂಡಿದ್ದ ನನಗೆ ಟ್ರೈಲ್ಯಾಮಿನೇಟ್ ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ಮಂಡಿಗೆ ಮಾತ್ರ ದಪ್ಪ ಕಾರ್ಡುರಾ ಬಟ್ಟೆ ಹಚ್ಚಿಸಿಕೊಂಡೆ. ದಡದಲ್ಲಿ ಮಂಡಿ ಊರಿ ಕೂರುವ ಚಟ ನನಗೆ ಇನ್ನೂ ಹೋಗಿಲ್ಲ.

ಜನ ಬ್ರ್ಯಾಂಡ್, ಬಣ್ಣ, ಜೇಬು ಅಂತ ತಿಂಗಳುಗಟ್ಟಲೆ ತಲೆಕೆಡಿಸಿಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಅಂಡರ್‌ಸೂಟ್ ಆದಮೇಲೆ ತಲೆಕೆಡಿಸಿಕೊಳ್ಳಬೇಕಾದ್ದು ಸೀಲ್‌ಗಳ ಬಗ್ಗೆ. ಡ್ರೈಸೂಟ್ ಒಣಗಿರೋದೋ ಇಲ್ಲವೋ ಅನ್ನೋದು ಕತ್ತು ಮತ್ತು ಎರಡು ಮಣಿಕಟ್ಟುಗಳ ಹತ್ತಿರವೇ ತೀರ್ಮಾನವಾಗುತ್ತದೆ.

ಲ್ಯಾಟೆಕ್ಸ್ ಸೀಲ್ ಬಲೂನಿನ ರಬ್ಬರ್ ಥರ ಚೆನ್ನಾಗಿ ಹಿಗ್ಗುತ್ತದೆ, ಚರ್ಮಕ್ಕೆ ಸರಿಯಾಗಿ ಕೂರುತ್ತದೆ. ಆದರೆ ಬಿಸಿಲು, ಓಝೋನ್, ಎಣ್ಣೆ, ಉದ್ದ ಉಗುರು ಎಲ್ಲವೂ ಅದಕ್ಕೆ ಶತ್ರು. ಕೆಲವರಿಗೆ ಲ್ಯಾಟೆಕ್ಸ್ ಅಲರ್ಜಿಯೂ ಇರುತ್ತದೆ. ಸಿಲಿಕೋನ್ ಇನ್ನೂ ಮೃದು, ಅಲರ್ಜಿಯ ಕಾಟ ಇಲ್ಲ. ಅದನ್ನು ಬಟ್ಟೆಗೆ ಅಂಟಿಸೋಕೆ ಆಗಲ್ಲ, ಹಾಗಾಗಿ ಪ್ಲಾಸ್ಟಿಕ್ ರಿಂಗ್‌ಗೆ ಸಿಕ್ಕಿಸುತ್ತಾರೆ. ಅದೇ ಅದರ ದೊಡ್ಡ ಅನುಕೂಲ. ಸೀಲ್ ಹರಿದರೆ ದಡದಲ್ಲೇ ಕೂತು ಹೊಸದು ಹಾಕಿಕೊಳ್ಳಬಹುದು. ನಿಯೋಪ್ರೀನ್ ಸೀಲ್ ಬೆಚ್ಚಗಿರುತ್ತದೆ, ಸುಲಭಕ್ಕೆ ಹರಿಯಲ್ಲ, ಆದರೆ ಒಂದಿಷ್ಟು ಜಿನುಗು ಇರುತ್ತದೆ. ನಿಯೋಪ್ರೀನ್ ಆದರೆ ಕತ್ತಿನ ಸೀಲನ್ನು ಒಳಕ್ಕೆ ಮಡಚಿ ಹಾಕಿಕೊಳ್ಳುವುದನ್ನೂ ಮರೆಯಬಾರದು.

ನಾನು ಕತ್ತಿಗೆ ಸಿಲಿಕೋನ್, ಕೈಗೆ ಲ್ಯಾಟೆಕ್ಸ್ ತೆಗೆದುಕೊಂಡೆ. ಹೊಸ ಸೀಲ್ ಯಾರ ಕತ್ತಿಗೂ ನೇರವಾಗಿ ಹೊಂದಲ್ಲ, ಕತ್ತರಿಸಿಕೊಳ್ಳಬೇಕು. ಅದರ ಮೇಲೆ ಉಬ್ಬಿದ ಗೆರೆಗಳು ಇರುತ್ತವೆ, ಒಂದು ಸಲಕ್ಕೆ ಒಂದೇ ಗೆರೆ. ಮೊದಲ ದಿನ ಹಾಕಿಕೊಂಡು ಎರಡು ನಿಮಿಷಕ್ಕೆ ತಲೆ ತಿರುಗಿದಂತಾಯಿತು, ಮುಖ ಕೆಂಪಾಯಿತು. ಕತ್ತಿನ ರಕ್ತನಾಳದ ಮೇಲೆ ಒತ್ತಡ ಬಿದ್ದರೆ ಹಾಗಾಗುತ್ತದೆ, ಸುಮ್ನೆ ತಡೆದುಕೊಳ್ಳುವ ವಿಷಯ ಅಲ್ಲ ಅದು. ಸೀಲ್ ಅಗಲವಾಗಿ ಹಿಗ್ಗಿ ನಿಲ್ಲಲಿ ಅಂತ ಒಳಗೆ ಒಂದು ದುಂಡನೆ ಡಬ್ಬಿ ತೂರಿಸಿದೆ. ಹರಿತವಾದ ಉದ್ದ ಕತ್ತರಿ ಹಿಡಿದು, ಬಾಯಿ ಪೂರ್ತಿ ಮುಚ್ಚದೆ ಮುಂದಕ್ಕೆ ಜಾರಿಸುತ್ತಾ ಒಂದು ಗೆರೆ ತೆಗೆದೆ. ಕತ್ತರಿ ಕಚ್ಚಿ ಕಚ್ಚಿ ಹೋದರೆ ಅಂಚಿನಲ್ಲಿ ಸಣ್ಣ ಹಲ್ಲು ಮೂಡುತ್ತದೆ, ನಾಳೆ ಸೀಲ್ ಹರಿಯೋದು ಅಲ್ಲಿಂದಲೇ. ಹಾಕಿ ನೋಡಿದೆ, ಇನ್ನೂ ಬಿಗಿ. ಇನ್ನೊಂದು ಗೆರೆ. ಮೂರನೇ ಗೆರೆಗೆ ಕೈ ನಡುಗುತ್ತಿತ್ತು. ಕತ್ತರಿಸಿದ್ದನ್ನು ಮತ್ತೆ ಸೇರಿಸೋಕೆ ಆಗಲ್ಲ ಅಲ್ವಾ? ಅಷ್ಟಕ್ಕೇ ನಿಲ್ಲಿಸಿದೆ. ನುಂಗಿದರೆ ತಿಳಿಯುವಷ್ಟು ಬಿಗಿ, ಉಸಿರಾಟಕ್ಕೆ ತೊಂದರೆ ಇಲ್ಲ. ಅದೇ ಸರಿ.

ಜಿಪ್ ಬಗ್ಗೆ ನನ್ನ ಅಭಿಪ್ರಾಯ ಸರಳ. ಬೆನ್ನಿನ ಮೇಲೆ ಭುಜದಿಂದ ಭುಜಕ್ಕೆ ಹೋಗುವ ಜಿಪ್ ಆದರೆ ಮುಚ್ಚೋಕೆ ಇನ್ನೊಬ್ಬರು ಬೇಕು. ಎದೆಗೆ ಅಡ್ಡಲಾಗಿ ಓರೆಯಾಗಿ ಬರುವ ಜಿಪ್ ಆದರೆ ನಾವೇ ಮುಚ್ಚಿಕೊಳ್ಳಬಹುದು. ನಾನು ಮುಂದಿನ ಜಿಪ್ಪೇ ಆರಿಸಿದೆ. ಹಿತ್ತಾಳೆ ಹಲ್ಲಿನ ಜಿಪ್ ಗಟ್ಟಿ, ಆದರೆ ಚೂಪಾಗಿ ಮಡಚಿದರೆ ಹಾಳಾಗುತ್ತದೆ, ಆಗಾಗ ಮೇಣ ಉಜ್ಜಬೇಕು. ಪ್ಲಾಸ್ಟಿಕ್ ಜಿಪ್ ಹಗುರ, ಸುಲಭವಾಗಿ ಬಾಗುತ್ತದೆ, ಕೊನೆಯಲ್ಲಿ ಕೊಂಡಿ ಕೂರುವ ಜಾಗಕ್ಕೆ ಸ್ವಲ್ಪ ಗ್ರೀಸ್ ಹಚ್ಚಿದರೆ ಸಾಕು. ಯಾವುದೇ ಆಗಲಿ, ಕೊನೆಯ ಅರ್ಧ ಇಂಚು ಪೂರ್ತಿ ಕೂತಿದೆಯಾ ಅಂತ ನೀರಿಗೆ ಇಳಿಯುವ ಮುಂಚೆ ಜೊತೆಗಾರನಿಗೆ ತೋರಿಸಿ. ನಾನು ಒಂದು ಸಲ ತೋರಿಸಲಿಲ್ಲ. ಆವತ್ತು ಥಿನ್ಸುಲೇಟ್‌ನ ಪರೀಕ್ಷೆಯೂ ಆಯಿತು.

ಕಾಲಿನ ವಿಷಯದಲ್ಲಿ ನಾನು ಕಲಿತದ್ದು ತಲೆಕೆಳಗಾಗಿ. ಇದು ನಿಜವಾಗಿ ನಡೆದದ್ದು. ಮೊದಲ ಸೂಟ್‌ಗೆ ಅಂಟಿಕೊಂಡೇ ಬಂದಿದ್ದ ಬೂಟು ನನ್ನ ಪಾದಕ್ಕಿಂತ ಎರಡು ಸೈಜು ದೊಡ್ಡದು. ಆರೇಳು ಮೀಟರ್ ಆಳದಲ್ಲಿ ಒಂದು ಬಂಡೆ ಕೆಳಗೆ ಇಣುಕಲು ತಲೆ ತಗ್ಗಿಸಿದೆ. ಸೂಟ್ ಒಳಗಿನ ಗಾಳಿಯೆಲ್ಲ ಒಂದೇ ಸಲ ಕಾಲಿಗೆ ಓಡಿತು. ಬೂಟು ಉಬ್ಬಿ ಪಾದ ಅದರೊಳಗಿಂದ ಜಾರಿತು. ಎಷ್ಟು ಒದ್ದರೂ ಫಿನ್ ಕೆಲಸ ಮಾಡಲಿಲ್ಲ, ನಾನು ಕಾಲು ಮೇಲಾಗಿ ಏರತೊಡಗಿದೆ. ಹಾಗೆ ಆದಾಗ ಮಂಡಿಯನ್ನು ಎದೆಗೆ ಎಳೆದುಕೊಂಡು ಉಂಡೆಯಾಗಿ ಉರುಳಿ, ತಲೆ ಮೇಲೆ ಬಂದ ಕೂಡಲೇ ಗಾಳಿ ಬಿಡಬೇಕು. ತರಬೇತಿಯಲ್ಲಿ ಮಾಡಿಸಿದ್ದರು, ಅಷ್ಟರಲ್ಲಿ ನೆನಪಾಯಿತು. ಡ್ರೈಸೂಟ್ ತರಬೇತಿ ಇಲ್ಲದೆ ಯಾರೂ ಇಳಿಯಬೇಡಿ ಅಂತ ಹೇಳೋದು ಇದಕ್ಕೇ.

ಈಗಿನ ಸೂಟ್‌ಗೆ ತೆಳು ನಿಯೋಪ್ರೀನ್ ಸಾಕ್ಸ್ ಇದೆ, ಅದರ ಮೇಲೆ ಲೇಸ್ ಕಟ್ಟುವ ಬೇರೆ ಬೂಟು. ಗಾಳಿ ಉಬ್ಬೋಕೆ ಜಾಗವೇ ಇಲ್ಲ. ಹಾಕೋಕೆ ಐದು ನಿಮಿಷ ಜಾಸ್ತಿ ಬೇಕು, ಅಷ್ಟೇ. ಹಳೇ ಫಿನ್‌ಗೆ ಈ ಬೂಟು ತೂರಲಿಲ್ಲ, ದೊಡ್ಡ ಫಿನ್ ಕೊಳ್ಳಬೇಕಾಯಿತು. ಸೂಟ್ ಜೊತೆಗೆ ಈ ಖರ್ಚೂ ಬರುತ್ತದೆ ಅಂತ ಯಾರೂ ಮೊದಲೇ ಹೇಳಲ್ಲ.

ವಾಲ್ವ್‌ಗಳಲ್ಲಿ ನೋಡಿಕೊಳ್ಳಬೇಕಾದ್ದು ಜಾಗ. ಗಾಳಿ ತುಂಬುವ ಎದೆಯ ಇನ್‌ಫ್ಲೇಟರ್ ಮೇಲೆ ಬಿಸಿಡಿಯ (ತೇಲುವಿಕೆ ಹೊಂದಿಸುವ ಗಾಳಿ ಜಾಕೆಟ್ಟಿನ) ಪಟ್ಟಿ ಬರಬಾರದು. ಗಾಳಿ ಹೊರಬಿಡುವ ಎಡ ತೋಳಿನ ಡಂಪ್ ವಾಲ್ವ್, ಮೊಣಕೈ ಎತ್ತಿದರೆ ಸೂಟ್‌ನ ಅತಿ ಎತ್ತರದ ಜಾಗ ಆಗಬೇಕು, ಗಾಳಿ ಹೋಗೋದು ಮೇಲಕ್ಕೆ ತಾನೇ. ನನ್ನ ದಪ್ಪ ಅಂಡರ್‌ಸೂಟ್ ಒಳಗಿಂದ ಈ ವಾಲ್ವ್‌ಗೆ ಅಂಟಿಕೊಂಡು ಗಾಳಿ ಹೋಗೋದಕ್ಕೆ ಬಿಡುತ್ತಿರಲಿಲ್ಲ. ಆ ಜಾಗದಲ್ಲಿ ಬಟ್ಟೆ ಕತ್ತರಿಸಿ ಬಲೆಯ ತುಂಡು ಹೊಲಿದ ಮೇಲೆ ಸರಿಹೋಯಿತು. ಇನ್‌ಫ್ಲೇಟರ್ ಗುಂಡಿಯನ್ನು ಒತ್ತಿ ಹಿಡಿಯಬೇಡಿ, ಚಿಕ್ಕ ಚಿಕ್ಕದಾಗಿ ಒತ್ತಿ. ತೀರಾ ತಣ್ಣೀರಿನಲ್ಲಿ ಅದು ಹೆಪ್ಪುಗಟ್ಟಿ ತೆರೆದೇ ನಿಂತುಬಿಡಬಹುದು. ಸೂಟ್‌ಗೆ ನಾನು ಹಾಕುವುದು ಮೈ ಹಿಂಡದಷ್ಟು ಗಾಳಿ ಮಾತ್ರ, ತೇಲೋಕೆ ಬಿಸಿಡಿ ಇದೆ.

ಮೂತ್ರದ ವಾಲ್ವ್ ಬೇಕಾ ಅಂತ ಕೇಳುತ್ತಾರೆ. ಒಂದು ಗಂಟೆಗಿಂತ ಜಾಸ್ತಿ ಹೊತ್ತು ಇಳಿಯುವವರಿಗೆ ಬೇಕು. ಅದನ್ನು ತಪ್ಪಿಸೋಕೆ ನೀರು ಕುಡಿಯದೇ ಇಳಿಯುವುದು ಕೆಟ್ಟ ಉಪಾಯ, ಮೈಯಲ್ಲಿ ನೀರು ಕಡಿಮೆಯಾಗುವುದು ಡೈವಿಂಗ್‌ಗೆ ಒಳ್ಳೆಯದಲ್ಲ. ನನ್ನದು ನಲವತ್ತು ನಿಮಿಷದ ವ್ಯವಹಾರ, ಹಾಕಿಸಲಿಲ್ಲ.

ಸೂಟ್ ಬಂದ ಮೇಲೆ ಮೊದಲು ಮಾಡಿದ್ದು ತೂಕದ ಪರೀಕ್ಷೆ. ಸಿಲಿಂಡರ್‌ನಲ್ಲಿ 50 ಬಾರ್ ಒತ್ತಡದ ಗಾಳಿ ಉಳಿದಿರುವಾಗ, ಸೂಟ್ ಗಾಳಿ ಪೂರ್ತಿ ಬಿಟ್ಟು, 5 ಮೀಟರ್‌ನಲ್ಲಿ ಅಲುಗದೆ ನಿಲ್ಲಲು ಆಗಬೇಕು. ವೆಟ್‌ಸೂಟ್‌ಗಿಂತ ಮುಳುಗೋಕೆ ಕಟ್ಟಿಕೊಳ್ಳುವ ಸೀಸ ನನಗೆ 4 ಕಿಲೋ ಜಾಸ್ತಿ ಬೇಕಾಯಿತು. ದಪ್ಪ ಅಂಡರ್‌ಸೂಟ್‌ನ ಗಾಳಿಗೆ ತೆರುವ ಸುಂಕ ಅದು.

ಮೇಲೆ ಬಂದು ಸೂಟ್ ಬಿಚ್ಚಿದಾಗ ಒಳಗೆ ಒದ್ದೆ ಕಂಡರೆ ತಕ್ಷಣ ಸೂಟನ್ನು ಬೈಯಬೇಡಿ. ಬೆನ್ನು, ಎದೆಯೆಲ್ಲ ಒಂದೇ ಸಮ ತೇವ ಇದ್ದರೆ ಅದು ಬೆವರು. ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಪಟ್ಟೆಯಷ್ಟೇ ಒದ್ದೆ ಇದ್ದರೆ ಸೀಲ್ ಸೋರುತ್ತಿದೆ. ನನ್ನ ಎರಡನೇ ಸೂಟ್‌ನಲ್ಲಿ ಎಡ ತೋಳಿಗೆ ಹಾಗೇ ಪಟ್ಟೆ ಬರುತ್ತಿತ್ತು. ಮಣಿಕಟ್ಟಿಗೆ ಬಾಟಲಿ, ಕತ್ತಿಗೆ ಚೆಂಡು ತುರುಕಿ, ಡಂಪ್ ವಾಲ್ವ್ ಬಿಗಿಯಾಗಿ ಮುಚ್ಚಿ, ಗಾಳಿ ತುಂಬಿ, ಸೋಪಿನ ನೀರು ಸವರಿದೆ. ಒಂದೂ ಗುಳ್ಳೆ ಏಳಲಿಲ್ಲ. ಸೂಟ್ ಸರಿಯಾಗಿಯೇ ಇತ್ತು.

ಕೈ ಮುಷ್ಟಿ ಹಿಡಿದು ಮಣಿಕಟ್ಟಿನ ಒಳಭಾಗ ನೋಡಿಕೊಳ್ಳಿ. ಎರಡು ಸ್ನಾಯುರಜ್ಜುಗಳು ತಂತಿಯ ಹಾಗೆ ಎದ್ದು, ನಡುವೆ ಒಂದು ಚಿಕ್ಕ ಕಾಲುವೆ ಆಗುತ್ತದೆ. ನಾನು ಎಡಗೈಯಲ್ಲಿ ಟಾರ್ಚನ್ನು ಗಟ್ಟಿಯಾಗಿ ಹಿಡಿಯುತ್ತಿದ್ದೆ, ನೀರು ಆ ಕಾಲುವೆಯಿಂದ ಬರುತ್ತಿತ್ತು. ಸೀಲನ್ನು ಒಂದು ಇಂಚು ಮೇಲಕ್ಕೆ ಏರಿಸಿದೆ, ಟಾರ್ಚನ್ನು ಅಂಗೈ ಹಿಂಬದಿಗೆ ಕಟ್ಟುವ ಹಿಡಿಕೆಗೆ ಹಾಕಿದೆ. ಈಗ ಎಡ ತೋಳು ಒಣಗಿರುತ್ತದೆ. ಕ್ಯಾಮೆರಾ ಹಿಡಿದ ದಿನ ಮಾತ್ರ ಬಲ ತೋಳಿಗೆ ಪಟ್ಟೆ ಬರುತ್ತದೆ.