ಅಡಿಕೆ ತೋಟದ ಹತ್ತು ಕಾಫಿ ಗಿಡದಿಂದ ಮನೆಲೇ ಪುಡಿ ಮಾಡ್ಕೊಳ್ಳೋದು ಹೇಗೆ

ನಮ್ಮ ಶಿರಸಿ ಕಡೆ ಬಂದೋರಿಗೆ ಮೊದ್ಲು ಕೇಳೋದು ಕಷಾಯ ಅಡ್ಡಿಲ್ವಾ ಅಂತ, ಕಾಫಿ ಆಮೇಲೆ. ಆದ್ರೂ ಸುಮಾರು ತೋಟದಲ್ಲಿ ಅಡಿಕೆ ಮರದ ನಡುವೆ ಹತ್ತಿಪ್ಪತ್ತು ಕಾಫಿ ಗಿಡ ಇರ್ತವೆ, ಹಣ್ಣಾದಾಗ ಅರ್ಧ ಕಬ್ಬೆಕ್ಕಿನ ಪಾಲು, ಉಳಿದಿದ್ದು ಸಿಕ್ಕಿದ ರೇಟಿಗೆ ವ್ಯಾಪಾರಿ ಪಾಲು, ಆಮೇಲೆ ನಾವು ಪೇಟೆಗೆ ಹೋಗಿ ಚಿಕೋರಿ ಬೆರೆಸಿದ ಪುಡಿ ತರೋದು. ನಾನೂ ಇದನ್ನೇ ಮಾಡ್ತಿದ್ದೆ. ಮನೆಲೇ ಪುಡಿ ಮಾಡೋಕೆ ಶುರು ಮಾಡಿ ಮೂರು ವರ್ಷ ಆಯ್ತು, ಅದ್ರಲ್ಲಿ ಎರಡು ವರ್ಷ ಹಾಳು ಮಾಡಿದ್ದೇ.

ಮೊದ್ಲು ನಿಮ್ಮದು ಯಾವ ಗಿಡ ನೋಡಿ. ಎಲೆ ಸಣ್ಣ, ಹೊಳಪು ಜಾಸ್ತಿ ಇದ್ರೆ ಅರೇಬಿಕಾ, ಅಗಲ ಎಲೆ, ಗೊಂಚಲು ಗೊಂಚಲಾಗಿ ಕಾಯಿ ಇದ್ರೆ ರೊಬಸ್ಟಾ. 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ಮುಚ್ಚಿಟ್ಕೊಂಡು ಚಿಕ್ಕಮಗಳೂರಿಗೆ ತಂದ್ರು ಅಂತ ಕಥೆ ಇದ್ಯಲ್ಲ, ಅದು ಅರೇಬಿಕಾ, ಇಥಿಯೋಪಿಯಾ ಮೂಲದ್ದು. ರೊಬಸ್ಟಾ ಬಂದಿದ್ದು ತುಂಬಾ ತಡವಾಗಿ. 1869ರಲ್ಲಿ ಸಿಲೋನ್‌ನಲ್ಲಿ, ಅಂದ್ರೆ ಈಗಿನ ಶ್ರೀಲಂಕಾದಲ್ಲಿ, ಎಲೆ ತುಕ್ಕು ರೋಗ ಕಾಣಿಸ್ಕೊಂಡು ಅಲ್ಲಿನ ತೋಟಗಳೇ ಹೋಗಿ ಜನ ಚಹಾಕ್ಕೆ ತಿರುಗಿದ್ರು, ಆಮೇಲೆ ರೋಗ ತಡೆಯೋ ಗಿಡ ಬೇಕು ಅಂತ ಹುಡುಕಿದಾಗ ಆಫ್ರಿಕಾದ ಈ ಗಟ್ಟಿ ಗಿಡಕ್ಕೆ ಬೆಲೆ ಬಂತು. ಅರೇಬಿಕಾದಲ್ಲಿ ಕೆಫೀನ್ ಹೆಚ್ಚುಕಡಿಮೆ 1.2 ಪರ್ಸೆಂಟ್, ರೊಬಸ್ಟಾದಲ್ಲಿ 2ರ ಮೇಲೆ. ಗಿಡ ಕೆಫೀನ್ ಮಾಡ್ಕೊಳ್ಳೋದು ಹುಳ ಓಡಿಸೋಕೆ, ನಮ್ಮ ನಿದ್ದೆ ಓಡೋದು ಬೋನಸ್ ಅಷ್ಟೆ.

ಇನ್ನೊಂದು, ರೊಬಸ್ಟಾ ಒಂದೇ ಗಿಡ ಇಟ್ಕೊಂಡು ಹೂ ಬಿಟ್ರೂ ಕಾಯಿ ಇಲ್ಲ ಅಂತ ಬೇಜಾರಾಗ್ಬೇಡಿ, ಅದಕ್ಕೆ ಬೇರೆ ಗಿಡದ ಪರಾಗ ಬೇಕು. ಅರೇಬಿಕಾಕ್ಕೆ ಆ ರಗಳೆ ಇಲ್ಲ, ಆದ್ರೆ ಕಾಂಡಕೊರಕ ಬಿಡಲ್ಲ.

ಕೊಯ್ಲು. ಪೂರ್ತಿ ಕೆಂಪಾದ ಹಣ್ಣು ಮಾತ್ರ, ಒಂದೊಂದೇ. ರೊಬಸ್ಟಾ ನಮ್ಮಲ್ಲಿ ಜನವರಿ-ಫೆಬ್ರವರಿಗೆ ಬರುತ್ತೆ. ಹಸಿರುಕಾಯಿ ಸೇರಿದ್ರೆ ಹುರಿದ ಮೇಲೂ ಅದು ಪೇಲವವಾಗೇ ಉಳಿದು ಬಾಯಿ ಒಗರು ಮಾಡುತ್ತೆ. ನೀರಲ್ಲಿ ಹಾಕಿ ತೇಲಿದ್ದನ್ನ ಎಸೀರಿ. ಸುಮಾರು 5 ಕೆಜಿ ಹಣ್ಣಿಗೆ 1 ಕೆಜಿ ಬೀಜ, ಲೆಕ್ಕ ಇಟ್ಕೊಳ್ಳಿ.

ಒಣಗಿಸೋದ್ರಲ್ಲೇ ಎಲ್ಲಾ ಇರೋದು. ಮೊದಲ ವರ್ಷ ನಾನು ಬೇಯಿಸಿದ ಅಡಿಕೆ ಪಕ್ಕದಲ್ಲೇ ಹರವಿದ್ದೆ, ಅಂಗಳದಲ್ಲಿ ಬೇರೆ ಜಾಗ ಇರ್ಲಿಲ್ಲ, ಸಂಜೆ ರಾಶಿ ಮಾಡಿ ಟಾರ್ಪಾಲ್ ಮುಚ್ಚಿದ್ದೆ, ಒಳಗೆ ಬೆವರಿ ನಾಲ್ಕನೇ ದಿನಕ್ಕೆ ಬಿಳಿ ಬೂಸ್ಟು. ಅದನ್ನೂ ಬಿಡದೆ ಹುರಿದೆ. ಆಯಿ ಒಂದು ಗುಟುಕು ಕುಡಿದು "ಇದೆಂತದಾ, ಹಳೇ ಗೋಣಿಚೀಲದ ವಾಸ್ನೆ ಬತ್ತು" ಅಂದ್ಲು. ಹಾಗಾಗಿ ತೆಳ್ಳಗೆ, ಎರಡು ಇಂಚಿಗಿಂತ ದಪ್ಪ ಬೇಡ, ದಿನಕ್ಕೆ ನಾಲ್ಕೈದು ಸಲ ಕೈಯಾಡಿಸಿ, ಮಂಜು ಬೀಳೋ ಮೊದ್ಲು ಒಳಗೆ ತನ್ನಿ. ಎರಡು ಮೂರು ವಾರ ಬೇಕು. ಮುಷ್ಟಿಲಿ ಹಿಡಿದು ಅಲ್ಲಾಡಿಸಿದ್ರೆ ಗಲಗಲ ಅನ್ಬೇಕು. ಕಾಳುಮೆಣಸಿನ ಚೀಲದ ಹತ್ರ ಮಾತ್ರ ಇಡ್ಬೇಡಿ, ಕಾಫಿ ಬೇರೆಯವರ ವಾಸನೆ ಬೇಗ ಎಳ್ಕೊಳ್ಳುತ್ತೆ.

ಸಿಪ್ಪೆ ತೆಗೆಯೋಕೆ ಒರಳಲ್ಲಿ ಒನಕೆಯಿಂದ ಮೆತ್ತಗೆ ಕುಟ್ಟಿ, ಗೆರಸಿಲಿ ಕೇರಿದ್ರೆ ಸಾಕು, ಒಡೆದ ಬೀಜ, ಕಪ್ಪು ಬೀಜ ಆರಿಸಿ ತೆಗೀರಿ. ಸಿಪ್ಪೆ ಗೊಬ್ಬರಗುಂಡಿಗೆ.

ಹುರಿಯೋದು ದಪ್ಪ ತಳದ ಕಬ್ಬಿಣದ ಬಾಣಲೇಲಿ, ಒಮ್ಮೆಗೆ ಕಾಲು ಕೆಜಿ, ಮಧ್ಯಮ ಉರಿ, ಕೈ ನಿಲ್ಲಿಸೋ ಹಾಗಿಲ್ಲ. ಹಸಿರು ಹೋಗಿ ಹಳದಿ, ಆಗ ಹುರಿದ ಭತ್ತದ ವಾಸನೆ, ಆಮೇಲೆ ಕಂದು, ಹನ್ನೆರಡು ಹದಿನೈದು ನಿಮಿಷಕ್ಕೆ ಪಟಪಟ ಸದ್ದು. ಇದು ಮೊದಲನೇ ಸದ್ದು. ಅದು ನಿಂತು ಇನ್ನೊಂದೆರಡು ನಿಮಿಷಕ್ಕೆ ಸಣ್ಣಗೆ ಚಿಟಚಿಟ ಶುರು ಆಗುತ್ತೆ, ಫಿಲ್ಟರ್ ಕಾಫಿಗೆ ಅಲ್ಲೇ ಇಳಿಸಿ, ಎಣ್ಣೆ ಜಿನುಗೋ ತನಕ ಕಾದ್ರೆ ಇದ್ದಿಲ ರುಚಿ, ನನ್ನ ಎರಡನೇ ವರ್ಷ ಹೋಗಿದ್ದು ಇಲ್ಲೇ, ಫೋನ್ ಬಂತು ಅಂತ ಈಚೆ ಬಂದೆ. ಇಳಿಸಿದ ತಕ್ಷಣ ಗೆರಸಿಗೆ ಸುರಿದು ಗಾಳಿ ಹಾಕಿ, ಬಾಣಲೇಲೇ ಬಿಟ್ರೆ ಒಳಗಿಂದ ಬೇಯ್ತಾನೇ ಇರುತ್ತೆ. ಹೊಗೆ ಜೋರು, ಹಿತ್ತಲಲ್ಲಿ ಮಾಡಿ.

ಒಂದು ದಿನ ಹಾಗೇ ಬಿಟ್ಟು ಗ್ಯಾಸ್ ಹೋದ್ಮೇಲೆ ಪುಡಿ ಮಾಡಿ, ವಾರಕ್ಕೆ ಬೇಕಾದಷ್ಟು ಮಾತ್ರ. ಮಿಕ್ಸಿನ ಬಿಟ್ಟು ಬಿಟ್ಟು ತಿರುಗಿಸಿ, ಬಿಸಿ ಆದ್ರೆ ಪರಿಮಳ ಅಲ್ಲೇ ಹೋಗುತ್ತೆ. ಚಿಕೋರಿ ಬೇಕೋ ಬೇಡ್ವೋ ನಿಮ್ಮಿಷ್ಟ, ಅದೊಂದು ಬೇರು, ಕೆಫೀನ್ ಇಲ್ಲ, ಡಿಕಾಕ್ಷನ್ ಮಂದ ಕಾಣುತ್ತೆ ಅಷ್ಟೆ. ನಾನು ಹಾಕಲ್ಲ. ನಮ್ಮನೇದು ಬರೀ ರೊಬಸ್ಟಾ ಆದ್ರಿಂದ ಕಹಿ ಮುಂದಿರುತ್ತೆ, ಅದಕ್ಕೆ ಎಮ್ಮೆ ಹಾಲು, ಒಂದು ಚೂರು ಜೋನಿ ಬೆಲ್ಲ. ಈ ವರ್ಷದ್ದನ್ನ ಆಯಿ ಪೂರ್ತಿ ಲೋಟ ಕುಡಿದ್ಲು, ಕುಡಿದು ಕಷಾಯ ಕೇಳಿದ್ಲು.