ಬ್ರೌಸರ್ ತಡೆದ ಫೈಲನ್ನು ನಾನು ಪರೀಕ್ಷಿಸಿದ್ದು ಹೀಗೆ

ಡೊಂಬಿವಲಿಯ ನಮ್ಮ ಕನ್ನಡ ಬಳಗದ ಸಂಚಿಕೆಗೆ ಬಂದ ಲೇಖನಗಳಲ್ಲಿ ಅರ್ಧಕ್ಕರ್ಧ ಹಳೆಯ ನುಡಿ ಫಾಂಟಿನಲ್ಲಿದ್ದವು. ಅವನ್ನು ಯೂನಿಕೋಡ್‌ಗೆ ಬದಲಿಸುವ ಪುಟ್ಟ ತಂತ್ರಾಂಶ ಇಳಿಸಿಕೊಳ್ಳಲು ಹೋದರೆ, ಅಪಾಯಕಾರಿ ಎಂದು ಬ್ರೌಸರ್ ತಡೆದುಬಿಟ್ಟಿತು. ಹಿಂದಿನ ಆವೃತ್ತಿಗೆ ಈ ತಕರಾರಿರಲಿಲ್ಲ.

ಕಾರಣ ಹುಡುಕಿದೆ. ಬ್ರೌಸರ್ ವೈರಸ್ಸನ್ನಷ್ಟೇ ನೋಡುವುದಿಲ್ಲ. ಎಷ್ಟು ಜನ ಇಳಿಸಿಕೊಂಡಿದ್ದಾರೆ, ತಯಾರಕರು ಯಾರೆಂದು ಖಚಿತಪಡಿಸುವ ಡಿಜಿಟಲ್ ಸಹಿ ಇದೆಯೇ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹೊಸ ಆವೃತ್ತಿ ಬಂದು ಮೂರೇ ದಿನವಾಗಿತ್ತು, ಸಹಿಯೂ ಇರಲಿಲ್ಲ. ಸಹಿಯ ಪ್ರಮಾಣಪತ್ರಕ್ಕೆ ದುಡ್ಡು ಕಟ್ಟಬೇಕು. ಬಿಡುವಿನಲ್ಲಿ ಕನ್ನಡಕ್ಕಾಗಿ ದುಡಿಯುವವರಿಗೆ ಇದು ದೊಡ್ಡ ಹೊರೆ, ಅನ್ಯಾಯ ಎಂದೇ ನನ್ನ ಭಾವನೆ.

ಹಾಗಂತ ಕಣ್ಣುಮುಚ್ಚಿ ಇನ್‌ಸ್ಟಾಲ್ ಮಾಡಲಿಲ್ಲ. ಫೈಲನ್ನು ಉಳಿಸಿಕೊಂಡೆ, ತೆರೆಯಲಿಲ್ಲ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಸರ್ಟ್‌ಯುಟಿಲ್ ಆಜ್ಞೆ ಕೊಟ್ಟು ಅದರ ಶಾ-256 ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಗುರುತು, ತೆಗೆದೆ. 64 ಅಕ್ಷರಗಳು, ತಯಾರಕರು ಪ್ರಕಟಿಸಿದ್ದರೊಂದಿಗೆ ಒಂದೊಂದಾಗಿ ಹೋಲಿಸಿದೆ, ತಾಳೆಯಾಯಿತು. ಆಮೇಲೆ, ಫೈಲನ್ನು ಹಲವು ವೈರಸ್ ಸ್ಕ್ಯಾನರ್‌ಗಳಿಂದ ಒಟ್ಟಿಗೆ ಪರೀಕ್ಷಿಸುವ ಜಾಲತಾಣವಾದ ವೈರಸ್‌ಟೋಟಲ್‌ಗೆ ಹಾಕಿದೆ. ಅಷ್ಟೊಂದು ಸ್ಕ್ಯಾನರ್‌ಗಳಲ್ಲಿ ಒಂದೇ ಒಂದು ಅನುಮಾನಪಟ್ಟಿತ್ತು. (ಖಾಸಗಿ ಕಡತಗಳನ್ನು ಮಾತ್ರ ಅಲ್ಲಿಗೆ ಹಾಕಬೇಡಿ, ಬೇರೆಯವರ ಕೈಗೂ ಸಿಗಬಹುದು.)

ತಯಾರಕರಿಗೂ ಬರೆದೆ. ತಪ್ಪು ಎಚ್ಚರಿಕೆ ಎಂದು ಅವರು ದೂರು ಸಲ್ಲಿಸಿದರು. ನಾಲ್ಕು ದಿನಕ್ಕೆ ಎಚ್ಚರಿಕೆ ನಿಂತಿತು. ಸಂಚಿಕೆ ಈಗ ಅಚ್ಚಿಗೆ ಹೋಗಿದೆ.