ಖಾಲಿ ಲಾಬಿಯ ಲೆಕ್ಕ: ಸ್ವತಂತ್ರ ಮಲ್ಟಿಪ್ಲೇಯರ್ ಆಟಕ್ಕೆ ಬೆಲೆ ಕಟ್ಟುವುದು, ಬಿಡುಗಡೆ ಮಾಡುವುದು

ಒಬ್ಬರೇ ಆಡುವ ಆಟವನ್ನು ಬಿಡುಗಡೆಯಾಗಿ ಮೂರು ವರ್ಷ ಕಳೆದ ಮೇಲೆ ಕೊಂಡವರಿಗೂ ಪೂರ್ತಿ ಆಟವೇ ಸಿಗುತ್ತದೆ. ಆನ್‌ಲೈನಿನಲ್ಲಿ ಹಲವರು ಸೇರಿ ಆಡುವ ಆಟಕ್ಕೆ ಆ ಭಾಗ್ಯವಿಲ್ಲ. ಲಾಬಿಯಲ್ಲಿ, ಅಂದರೆ ಪಂದ್ಯಕ್ಕೆ ಮುನ್ನ ಆಟಗಾರರು ಸೇರುವ ಜಾಗದಲ್ಲಿ, ಎದುರಾಳಿಯೇ ಸಿಗದಿದ್ದರೆ ಕೊಂಡವರ ಪಾಲಿಗೆ ಉಳಿಯುವುದು ಬರಿಯ ಮೆನು. ಆದ್ದರಿಂದ ಸಣ್ಣ ತಂಡವೊಂದು ಬೆಲೆ ಕಟ್ಟುವಾಗಲೂ ದಿನಾಂಕ ಗೊತ್ತುಮಾಡುವಾಗಲೂ, ಎಷ್ಟು ಪ್ರತಿ ಮಾರಾಟವಾದೀತು ಎಂದು ಕೇಳುವ ಮೊದಲು, ರಾತ್ರಿ ಒಂಬತ್ತು ಗಂಟೆಗೆ ಏಕಕಾಲಕ್ಕೆ ಎಷ್ಟು ಜನ ಆಡುತ್ತಿರಬೇಕು ಎಂದು ಕೇಳಿಕೊಳ್ಳಬೇಕು.

ಈ ಸಂಖ್ಯೆಯನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಒಂದು ಪಂದ್ಯಕ್ಕೆ ಎಂಟು ಜನ ಬೇಕು, ಪಂದ್ಯ ಹದಿನೈದು ನಿಮಿಷ ನಡೆಯುತ್ತದೆ, ಆಟಗಾರರು ಒಂದು ನಿಮಿಷಕ್ಕಿಂತ ಹೆಚ್ಚು ಕಾಯಬಾರದು ಎಂದಿಟ್ಟುಕೊಳ್ಳೋಣ. ಹಾಗಾದರೆ ನಿಮಿಷಕ್ಕೊಂದು ಪಂದ್ಯ ಶುರುವಾಗಬೇಕು. ಕಾಯುವ ಒಂದು ನಿಮಿಷವೂ ಸೇರಿ ಪ್ರತಿಯೊಬ್ಬರೂ 16 ನಿಮಿಷಕ್ಕೊಮ್ಮೆ ಸರದಿಗೆ ಮರಳುವುದರಿಂದ, ಎಂಟನ್ನು ಹದಿನಾರರಿಂದ ಗುಣಿಸಿದಾಗ ಬರುವ 128 ಜನ ಸದಾ ಆಟದಲ್ಲಿರಬೇಕು. ಇದು ಒಂದು ಪ್ರದೇಶದ ಸರ್ವರ್ ಮತ್ತು ಒಂದು ಬಗೆಯ ಪಂದ್ಯಕ್ಕೆ ಮಾತ್ರ. ಎರಡು ಪ್ರದೇಶ, ಮೂರು ಬಗೆಯ ಪಂದ್ಯಗಳನ್ನು ಇಟ್ಟರೆ 768 ಜನ ಬೇಕಾಗುತ್ತದೆ. ಕೌಶಲಕ್ಕೆ ತಕ್ಕಂತೆ ಜೋಡಿ ಮಾಡಹೊರಟರೆ ಇನ್ನೂ ಹೆಚ್ಚು. ಹೀಗಾಗಿ ಮೊದಲ ದಿನ ಒಂದೇ ಬಗೆಯ ಪಂದ್ಯವಿಟ್ಟು, ಜಾಗ ಖಾಲಿ ಉಳಿದಾಗ ಬಾಟ್‌ಗಳನ್ನು (ಕಂಪ್ಯೂಟರೇ ಆಡಿಸುವ ಆಟಗಾರರನ್ನು) ಕೂರಿಸಿ, ಅವು ಬಾಟ್‌ಗಳೆಂದು ತೆರೆಯ ಮೇಲೆ ಬರೆದೇ ತೋರಿಸುವುದು ಲೇಸು. ಬಾಟ್‌ಗೆ ಮನುಷ್ಯರ ಹೆಸರಿಟ್ಟು ಮರೆಮಾಚಿದರೆ ಆಟಗಾರರು ಎರಡನೇ ಪಂದ್ಯದಲ್ಲೇ ಕಂಡುಹಿಡಿಯುತ್ತಾರೆ.

ಇನ್ನು ಬೆಲೆ. ಅಪರಿಚಿತರ ನಡುವೆ ನಡೆಯುವ ಸ್ಪರ್ಧೆಯ ಆಟಕ್ಕೆ ದುಬಾರಿ ಪ್ರವೇಶದರ ಎಷ್ಟು ಅಪಾಯಕಾರಿ ಎಂಬುದಕ್ಕೆ 2017ರ ಆಗಸ್ಟಿನಲ್ಲಿ 29.99 ಡಾಲರಿಗೆ ಬಂದ ‘ಲಾಬ್ರೇಕರ್ಸ್’ ಸಾಕ್ಷಿ. ಉಚಿತ ಆಟಗಳೂ ಪೈಪೋಟಿಗಿದ್ದ ಪ್ರಕಾರದಲ್ಲಿ ಅದು ಆಟಗಾರರನ್ನು ಸೆಳೆಯಲಾರದೆ ಸೊರಗಿತು. ಅದನ್ನು ರೂಪಿಸಿದ ಸ್ಟುಡಿಯೊ 2018ರ ಮೇ ತಿಂಗಳಲ್ಲಿ ಬಾಗಿಲು ಮುಚ್ಚಿತು, ಸರ್ವರ್‌ಗಳು ಅದೇ ಸೆಪ್ಟೆಂಬರಿನಲ್ಲಿ ನಿಂತವು. ಹಾಗೆಂದು ಉಚಿತವಾಗಿ ಬಿಡುವುದೇ ಪರಿಹಾರವೂ ಅಲ್ಲ. ಉಚಿತ ಆಟದಲ್ಲಿ ಹಣ ಕೊಡುವವರು ಕೆಲವರೇ ಆದ್ದರಿಂದ ಅಪಾರ ಜನಸಂಖ್ಯೆಯೂ, ಮಾರಲೆಂದು ಪಾತ್ರಗಳ ವೇಷಭೂಷಣಗಳನ್ನು ತಿಂಗಳು ತಿಂಗಳು ತಯಾರಿಸುವ ಕಲಾವಿದರ ತಂಡವೂ ಬೇಕಾಗುತ್ತವೆ. ನಾಲ್ಕೈದು ಜನರ ತಂಡಕ್ಕೆ ಅದು ಹೊರಲಾರದ ಹೊರೆ ಎಂಬುದು ನನ್ನ ಅಭಿಪ್ರಾಯ.

ಗೆಳೆಯರ ಗುಂಪನ್ನೇ ಗಿರಾಕಿಯೆಂದು ಭಾವಿಸುವುದು ಸಣ್ಣ ತಂಡಕ್ಕೆ ಹೊಂದುವ ದಾರಿ. ನಾಲ್ವರು ಸೇರಿ ಆಡುವ ಆಟಕ್ಕೆ 500 ರೂಪಾಯಿ ಇಟ್ಟರೆ ನಿಜವಾದ ಬೆಲೆ 2,000 ರೂಪಾಯಿ. ನಾಲ್ವರಲ್ಲಿ ಅತಿ ಹೆಚ್ಚು ಹಿಂಜರಿಯುವವನು ಒಪ್ಪಿದಾಗಲಷ್ಟೇ ನಾಲ್ಕೂ ಪ್ರತಿ ಮಾರಾಟವಾಗುತ್ತವೆ. ಒಬ್ಬರೇ ರೂಪಿಸಿದ ‘ಲೀಥಲ್ ಕಂಪನಿ’ ಎಂಬ ಆಟ 2023ರಲ್ಲಿ 9.99 ಡಾಲರಿಗೆ ಬಂದು ಗೆದ್ದದ್ದರಲ್ಲಿ ಈ ಸುಲಭ ಬೆಲೆಯ ಪಾಲು ದೊಡ್ಡದು. ‘ಅಮಾಂಗ್ ಅಸ್’ ಇನ್ನೊಂದು ದಾರಿ ಹಿಡಿಯಿತು: ಪಿಸಿಯಲ್ಲಿ 5 ಡಾಲರ್, ಮೊಬೈಲಿನಲ್ಲಿ ಜಾಹೀರಾತಿನೊಂದಿಗೆ ಉಚಿತ, ಎರಡೂ ಕಡೆಯವರು ಆಟದೊಳಗಿನ ಒಂದೇ ಕೊಠಡಿಯಲ್ಲಿ ಸೇರಿ ಆಡಬಹುದು. 2018ರ ಆ ಆಟ 2020ರಲ್ಲಿ ಹಠಾತ್ತನೆ ಮನೆಮಾತಾದಾಗ, ಗುಂಪಿನಲ್ಲಿ ಕಂಪ್ಯೂಟರ್ ಇಲ್ಲದವರೂ ಹೊರಗುಳಿಯಲಿಲ್ಲ.

ಕೈಗೆ ಬರುವ ಹಣದ ಲೆಕ್ಕವನ್ನೂ ಮೊದಲೇ ಮಾಡಿಟ್ಟುಕೊಳ್ಳಬೇಕು. ಭಾರತದಲ್ಲಿ 500 ರೂಪಾಯಿಗೆ ಮಾರಿದ ಪ್ರತಿಯಲ್ಲಿ ಶೇ 18 ಜಿಎಸ್‌ಟಿ ಕಳೆದರೆ ಸುಮಾರು 424, ಪಿಸಿ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಶೇ 30 ಪಾಲು ಕಳೆದರೆ ಸುಮಾರು 297 ರೂಪಾಯಿ ಉಳಿಯುತ್ತದೆ. ಮರುಪಾವತಿಗಳನ್ನು ಇದರಿಂದ ಇನ್ನೂ ಕಳೆದಿಲ್ಲ. ಅಮೆರಿಕದ ಮಾರಾಟದ ಮೇಲೆ ಅಲ್ಲಿನ ತೆರಿಗೆ ಕಡಿತವಾಗುತ್ತದೆ. ಭಾರತದೊಂದಿಗಿನ ತೆರಿಗೆ ಒಪ್ಪಂದದ ಪ್ರಕಾರ ನಮೂನೆ ತುಂಬಿದವರಿಗೆ ಅದು 30ರ ಬದಲು ಶೇ 15ಕ್ಕೆ ಇಳಿಯುತ್ತದೆ. ಆದಾಯ ಒಮ್ಮೆ ಬರುತ್ತದೆ, ಸರ್ವರ್ ಬಾಡಿಗೆಯನ್ನಾದರೋ ತಿಂಗಳು ತಿಂಗಳೂ ಕಟ್ಟಬೇಕು. ಈ ಅಸಮತೋಲ ತಪ್ಪಿಸಲು ಆಟಗಾರರಲ್ಲೊಬ್ಬರ ಯಂತ್ರವೇ ಆತಿಥೇಯವಾಗುವ ವ್ಯವಸ್ಥೆಯನ್ನು, ಇಲ್ಲವೇ ಆಟಗಾರರೇ ಸರ್ವರ್ ನಡೆಸುವ ಸೌಲಭ್ಯವನ್ನು ಆರಿಸಬಹುದು. 2021ರಲ್ಲಿ ಪುಟ್ಟ ಸ್ವೀಡಿಷ್ ತಂಡವೊಂದು ಹೊರತಂದ ‘ವ್ಯಾಲ್‌ಹೈಮ್’ ಅಷ್ಟು ದೊಡ್ಡ ಜನಸಾಗರವನ್ನು ತಾಳಿಕೊಂಡದ್ದು ಹೀಗೆಯೇ. ಹಣ ಕಟ್ಟಿ ಹಣ ಗೆಲ್ಲುವ ಪಂದ್ಯಗಳನ್ನು ಸೇರಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ; 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಅವನ್ನು ದೇಶದಲ್ಲಿ ನಿಷೇಧಿಸಿದೆ.

ಬಿಡುಗಡೆಯ ಸಿದ್ಧತೆ ಅಂಗಡಿಯ ಪುಟದಿಂದ ಶುರುವಾಗುತ್ತದೆ. ಸ್ಟೀಮ್‌ಗೆ ಆಟವೊಂದಕ್ಕೆ 100 ಡಾಲರ್ ಶುಲ್ಕ ಕಟ್ಟಬೇಕು, ‘ಶೀಘ್ರದಲ್ಲಿ’ ಎಂಬ ಪುಟವನ್ನು ಬಿಡುಗಡೆಗೆ ಕನಿಷ್ಠ ಎರಡು ವಾರ ಮೊದಲೇ ತೆರೆದಿಡಬೇಕು. ನಿಯಮ ಎರಡು ವಾರ ಎನ್ನುತ್ತದಾದರೂ ವಿಶ್‌ಲಿಸ್ಟ್ (ಮುಂದೆ ಕೊಳ್ಳಲೆಂದು ಜನ ಆಟವನ್ನು ಗುರುತು ಹಾಕಿಟ್ಟುಕೊಳ್ಳುವ ಪಟ್ಟಿ) ಬೆಳೆಯಲು ಹಲವು ತಿಂಗಳು ಬೇಕು. ವರ್ಷಕ್ಕೆ ಮೂರು ಬಾರಿ ನಡೆಯುವ ಸ್ಟೀಮ್‌ನ ಡೆಮೊ ಉತ್ಸವ ನೆಕ್ಸ್ಟ್ ಫೆಸ್ಟ್‌ನಲ್ಲಿ ಒಂದು ಆಟಕ್ಕೆ ಒಂದೇ ಅವಕಾಶ. ಆದ್ದರಿಂದ ಸರ್ವರ್ ಎಷ್ಟು ಜನರನ್ನು ತಾಳುತ್ತದೆ ಎಂಬುದನ್ನು ಮೊದಲು ಪ್ಲೇಟೆಸ್ಟ್‌ನಲ್ಲಿ, ಅಂದರೆ ಬಿಡುಗಡೆಗೆ ಮೊದಲು ಆಟಗಾರರಿಂದ ಆಡಿಸಿ ನೋಡುವಾಗ, ಪರೀಕ್ಷಿಸಿ, ಆಮೇಲೆ ಡೆಮೊ ಬಿಡಬೇಕು. ಡೆಮೊದ ಸರ್ವರನ್ನು ಇಡೀ ದಿನ ತೆರೆದಿಟ್ಟರೆ ಬಂದ ಇನ್ನೂರು ಜನ ಇಪ್ಪತ್ನಾಲ್ಕು ಗಂಟೆಗಳಲ್ಲಿ ಚೆದುರಿಹೋಗುತ್ತಾರೆ. ‘ಪ್ರತಿದಿನ ರಾತ್ರಿ 9ರಿಂದ 11’ ಎಂದು ಸಾರಿದರೆ ಅದೇ ಇನ್ನೂರು ಜನ ಒಂದೇ ಕಡೆ ನೆರೆಯುತ್ತಾರೆ.

ಬಿಡುಗಡೆಯ ಗಳಿಗೆಯ ಬಗ್ಗೆಯೂ ಒಂದು ಮಾತು. ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗಿನ ಹತ್ತು ಗಂಟೆಗೆ ಗುಂಡಿ ಒತ್ತುವುದು ರೂಢಿ. ಬೆಂಗಳೂರಿನಲ್ಲಿ ಆಗ ಬೇಸಿಗೆಯಾದರೆ ರಾತ್ರಿ ಹತ್ತೂವರೆ, ಚಳಿಗಾಲವಾದರೆ ಹನ್ನೊಂದೂವರೆ. ಇಡೀ ದಿನ ದುಡಿದು ದಣಿದ ತಂಡವೇ ಆ ರಾತ್ರಿ ಸರ್ವರ್ ಕಾಯುವಂತಾಗಬಾರದು. ಇಬ್ಬರನ್ನಾದರೂ ಮಧ್ಯಾಹ್ನವೇ ಮನೆಗೆ ಕಳಿಸಿ ಮಲಗಿಸಬೇಕು. ಏಕೆಂದರೆ ಸ್ಟೀಮ್‌ನಲ್ಲಿ ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದವರು ಹಣ ಮರಳಿ ಪಡೆಯಬಹುದು, ಮತ್ತು ಹತ್ತು ವಿಮರ್ಶೆಗಳು ಬಂದೊಡನೆ ಆಟದ ಹಣೆಯ ಮೇಲೆ ದರ್ಜೆ ಬೀಳುತ್ತದೆ. ಮೊದಲ ರಾತ್ರಿ ಸಂಪರ್ಕ ಕಡಿದುಹೋದರೆ ಆ ಹತ್ತೂ ವಿಮರ್ಶೆಗಳು ಅದನ್ನೇ ಹೇಳುತ್ತವೆ.

ಮೊದಲ ವಾರಕ್ಕೆ ಶೇ 10ರಿಂದ 20ರಷ್ಟು ರಿಯಾಯಿತಿ ಸಾಕು. ಸ್ಟೀಮ್‌ನ ನಿಯಮದಂತೆ ಅದು ಮುಗಿದ ಮೇಲೆ ಮೂವತ್ತು ದಿನ ಮತ್ತೆ ರಿಯಾಯಿತಿ ಕೊಡಲಾಗದು. ಹೀಗಾಗಿ ಜನ ಕರಗುವ ಆ ತಿಂಗಳಿಗೆಂದೇ ಆಟ ನಡೆಯುವ ಹೊಸ ನಕ್ಷೆಯನ್ನೋ ಹೊಸ ಬಗೆಯ ಪಂದ್ಯವನ್ನೋ ಸಿದ್ಧಪಡಿಸಿ ಇಟ್ಟುಕೊಂಡಿರಬೇಕು. ಮುಂದೆ ಶೇ 20 ಅಥವಾ ಹೆಚ್ಚು ಇಳಿಸಿದಾಗ ವಿಶ್‌ಲಿಸ್ಟ್‌ನಲ್ಲಿ ಇಟ್ಟುಕೊಂಡವರಿಗೆ ಮಿಂಚಂಚೆ ಹೋಗುವುದರಿಂದ, ಅಂಥ ರಿಯಾಯಿತಿಯನ್ನು ದೊಡ್ಡ ಅಪ್‌ಡೇಟಿನ ದಿನಕ್ಕೇ ಕಟ್ಟಬೇಕು. ಮುಂದೊಮ್ಮೆ ಆಟವನ್ನು ಉಚಿತಗೊಳಿಸುವುದಾದರೆ, 2020ರಲ್ಲಿ ‘ರಾಕೆಟ್ ಲೀಗ್’ ಮಾಡಿದಂತೆ, ಮೊದಲು ಹಣ ಕೊಟ್ಟವರಿಗೆ ಪ್ರತ್ಯೇಕ ಕೊಡುಗೆ ಮೀಸಲಿಡಬೇಕು. ಸರ್ವರ್ ನಿಲ್ಲಿಸಬೇಕಾಗಿ ಬಂದರೆ ಆಟಗಾರರು ತಾವೇ ಕೊಠಡಿ ತೆರೆದು ಆಡಿಕೊಳ್ಳುವ ಅಪ್‌ಡೇಟ್ ಕೊಡುತ್ತೇವೆಂದು ಅಂಗಡಿಯ ಪುಟದಲ್ಲಿ ಮೊದಲ ದಿನವೇ ಬರೆಯಬೇಕು, ಆ ಕೋಡನ್ನು ಬಿಡುಗಡೆಗೆ ಮೊದಲೇ ಬರೆದೂ ಇಟ್ಟುಕೊಳ್ಳಬೇಕು. ಹಣ ಮುಗಿದ ತಿಂಗಳಲ್ಲಿ ಅದನ್ನು ಬರೆಯಲು ಯಾರೂ ಉಳಿದಿರುವುದಿಲ್ಲ.